ಸಬ್‌ವೂಫರ್ ಡಬ್ಬಿಗೆ ದ್ರಾಕ್ಷಿ ತೋಟದ ಪೈಪು

ಹೆಮ್ಮೆಪಡಲು ಮನುಷ್ಯನಿಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಕೆಲವರಿಗೆ ಮಗ ಪಾಸಾದರೆ ಸಾಕು, ಕೆಲವರಿಗೆ ತಮ್ಮ ಮೀಸೆಯೇ ಸಾಕು. ನನಗೆ ನಮ್ಮ ಕಾರಿನ ಡಿಕ್ಕಿಯಲ್ಲಿರುವ ಪ್ಲೈವುಡ್ ಡಬ್ಬಿ ಸಾಕು. ಅದರಲ್ಲಿ ಹಾಡಿನ ದಪ್ಪ ದನಿ ಹೊರಡಿಸುವ ಸಬ್‌ವೂಫರ್ ಇದೆ, ಪಕ್ಕದಲ್ಲಿ ಗಾಳಿಯಾಡಲು ಒಂದು ಕೊಳವೆ ಇದೆ. ಕೊಳವೆಯ ಉದ್ದಗಲ ಹದವಾಗಿದ್ದರೆ ಹಾಡಿನ ಡೊಳ್ಳು ಡೊಳ್ಳಿನಂತೆಯೇ ಕೇಳುತ್ತದೆ. ನಾನು ಮೊದಲು ಕೂರಿಸಿದ್ದು ಸಣ್ಣ ಬಾಯಿಯ ಕೊಳವೆ. ಪ್ರತಿ ಪೆಟ್ಟಿನ ಬೆನ್ನಿಗೂ ಒಂದು ‘ಫುಸ್’ ಬರುತ್ತಿತ್ತು, ನೆಗಡಿಯಾದ ಎತ್ತು ಉಸಿರುಬಿಟ್ಟಂತೆ.

ವಿಜಯಪುರದ ನಮ್ಮ ಮನೆಯಲ್ಲಿ ಹೊಸ ಪ್ರಯೋಗ ಶುರುವಾಯಿತು. ಡಬ್ಬಿಯೊಳಗೆ ಎಷ್ಟು ಜಾಗವಿದೆ ಎಂದು ತಿಳಿಯದೆ ಕೊಳವೆಯ ಅಳತೆ ಸಿಗದು. ಮೂಲೆ, ಪಟ್ಟಿಗಳನ್ನೆಲ್ಲ ಕೂಡಿ ಕಳೆಯಲು ಬೇಸರವಾಗಿ, ಅಡುಗೆಮನೆಯ ಜೋಳವನ್ನು ಸೇರಿನಲ್ಲಿ ಅಳೆದು ಅಳೆದು ಡಬ್ಬಿಗೆ ಸುರಿದೆ. ಅಳತೆಯೇನೋ ಸಿಕ್ಕಿತು. ಆದರೆ ಜೋಳ ಮರಳಿ ಚೀಲ ಸೇರುವಾಗ ಪ್ಲೈವುಡ್ಡಿನ ಪುಡಿಯನ್ನೂ ಕರೆದುಕೊಂಡು ಹೋಯಿತು. ಹೆಂಡತಿ ಸುನಂದಾ ಮೊರದಲ್ಲಿ ಕೇರುತ್ತ ತೀರ್ಪು ಕೊಟ್ಟಳು: “ನಾಳೆ ಬಿಜ್ಜರಗಿಗೆ ನಮ್ಮಪ್ಪನ ಮನಿಗೆ ಹೊಂಟೇವಿ. ವಾಪಸ್ ಬರೂಮುಂದ ಇದು ಫುಸ್ ಅಂತಂದ್ರ ಡಬ್ಬಿ ಅಲ್ಲೇ ಬಿಟ್ಟು ಬರೂದು. ಆಡಿನ ಮರಿ ಮುಚ್ಚಾಕರ ಆಗ್ತದ.”

ಮರುದಿನ ದಾರಿಯಲ್ಲಿ ತಿಕೋಟಾ ದಾಟುವವರೆಗೂ ನಾನು ಹಾಡು ಹಾಕಲಿಲ್ಲ.

ಮಾವನವರ ದ್ರಾಕ್ಷಿ ತೋಟದಲ್ಲಿ ದಪ್ಪ ಪೈಪಿನ ತುಂಡು ಸಿಕ್ಕಿತು. ಬಾಯಿ ಅಗಲವಾದರೆ ಉದ್ದವೂ ಹೆಚ್ಚಬೇಕು, ಇಲ್ಲದಿದ್ದರೆ ದನಿ ಮೇಲೇರುತ್ತದೆ. ಆ ಲೆಕ್ಕ ಪೂರ್ತಿ ನನ್ನದು. ಕೊಯ್ದು ಕೂರಿಸಿದೆ. ಫುಸ್ ಅರ್ಧ ಹೋಯಿತು, ಅರ್ಧ ಉಳಿಯಿತು. ಕೂತು ನೋಡುತ್ತಿದ್ದ ಮಾವನವರು ಎದ್ದು ಬಂದು ಪೈಪಿನ ಅಂಚಿಗೆ ಬೆರಳಾಡಿಸಿದರು.

“ಅಳಿಯಂದ್ರ, ಇಷ್ಟು ಚೂಪ ಅಂಚು ಬಿಟ್ರ ಗಾಳಿ ಒದರದ ಏನ್ ಮಾಡ್ತದ್ರಿ?”

ಪೈಪಿಗೆ ಪೈಪು ಜೋಡಿಸಲು ತೋಟದವರು ತುದಿಯನ್ನು ಬೆಂಕಿಗೆ ಹಿಡಿದು ಹಿಗ್ಗಿಸುತ್ತಾರಲ್ಲ, ಹಾಗೆಯೇ ಒಣ ಕಡ್ಡಿ ಹೊತ್ತಿಸಿ, ತಿರುಗಿಸಿ ತಿರುಗಿಸಿ ಕಾಸಿ, ಮೆತ್ತಗಾದ ಬಾಯನ್ನು ತಾಮ್ರದ ಚರಿಗೆಯ ದುಂಡು ತಳಕ್ಕೆ ಒತ್ತಿದರು. ಬಾಯಿ ತುತ್ತೂರಿಯಂತೆ ಅರಳಿತು. ಇನ್ನೊಂದು ತುದಿಯನ್ನೂ ಅರಳಿಸಿದರು. “ನೀರು ಕುಡಿಯೂ ಚರಿಗಿರಿ ಅದು!” ಎಂದು ಅತ್ತೆ ಒಳಗಿನಿಂದಲೇ ಕೂಗಿದರು.

ವಾಪಸು ಬರುವಾಗ ಸುನಂದಾ ಹಿಂದಿನ ಸೀಟಿನಲ್ಲಿ ಡಿಕ್ಕಿಗೆ ಕಿವಿಕೊಟ್ಟು ಕೂತಳು. ಡೊಳ್ಳು ಎದೆಗೆ ಬಡಿಯಿತು, ಹಿಂದೆ ಏನೂ ಬರಲಿಲ್ಲ. ತಿಕೋಟಾ ಬಂದರೂ ಅವಳ ಕಿವಿ ಡಿಕ್ಕಿಯ ಕಡೆಗೇ ಇತ್ತು. ನನ್ನ ಕಣ್ಣೆದುರು ಆಡಿನ ಮರಿಗಳು ಕುಣಿಯತೊಡಗಿದ ಮೇಲೆ ಅಂದಳು: “ಈಗ ಹಾಡು ಕೇಳ್ತದ್ರಿ. ಇಷ್ಟ್ ದಿನ ಬರೇ ಡಬ್ಬಿ ಕೇಳ್ತಿತ್ತು.” ಇಂಥ ಸರ್ಟಿಫಿಕೇಟು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಆಮೇಲೆ ಈ ಸಾಹಸವನ್ನು ಆಫೀಸಿನಲ್ಲಿ ಹೇಳುತ್ತ ಬಂದೆ. ಮೊದಲ ಸಲ ಪೈಪು ಮಾವನವರ ಕೈಯಲ್ಲಿತ್ತು. ಎರಡನೆಯ ಸಲ ಇಬ್ಬರೂ ಹಿಡಿದಿದ್ದೆವು. ಈಗಂತೂ ಕಣ್ಣು ಮುಚ್ಚಿದರೆ ಬೆಂಕಿಯ ಕಾವು ನನ್ನ ಮುಖಕ್ಕೇ ಹೊಡೆಯುತ್ತದೆ. ಸುಳ್ಳು ಹೇಳುತ್ತಿದ್ದೇನೆಂದು ಅನಿಸುವುದೇ ಇಲ್ಲ. ಮೊನ್ನೆ ಬಬಲೇಶ್ವರದ ಗೆಳೆಯನ ಮನೆಯಲ್ಲಿ, ಪೈಪನ್ನು ನಾನು ಹೇಗೆ ಅರಳಿಸಿದೆ ಎಂದು ಕೈ ಆಡಿಸಿ ತೋರಿಸುತ್ತಿದ್ದಾಗ, ಪಕ್ಕದಲ್ಲಿದ್ದ ಸುನಂದಾ ಮೆಲ್ಲಗೆ ಕೇಳಿದಳು:

“ಅಲ್ರಿ, ಈ ಸಲ ನಮ್ಮಪ್ಪ ತ್ವಾಟದಾಗರ ಇದ್ನೋ ಇಲ್ಲೋ?”

“ಇದ್ರಲ್ಲ,” ಎಂದೆ. “ಚಾ ಕುಡಿಯಾಕತ್ತಿದ್ರು.”

ಅಷ್ಟಾದರೂ ಉಳಿಸಿದೆನಲ್ಲ ಎಂದು ನನ್ನ ಪ್ರಾಮಾಣಿಕತೆಯ ಬಗ್ಗೆಯೂ ಒಂದಿಷ್ಟು ಹೆಮ್ಮೆಯಾಯಿತು.