ಮಲ್ಪೆಯ ದಡದಲ್ಲಿ ನಾನು ಮಾಡಿದ ಉಪಚಾರ

ಬಂದವರಿಗೆ ಉಪಚಾರ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಹೊಳವನಹಳ್ಳಿ ಸುತ್ತಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದೆ. ನಾನೊಬ್ಬಳೇ ಅಲ್ಲ, ನನ್ನ ಕೈಯಲ್ಲಿ ಬಡಿಸಿಕೊಂಡು ಮೇಲೇಳಲಾರದೆ ಗೋಡೆ ಹಿಡಿದು ಎದ್ದವರೆಲ್ಲ ನಂಬಿದ್ದರು. ಹಾಗಾಗಿ ಮಲ್ಪೆಗೆ ಹೊರಡುವ ದಿನ ಒಂದು ನಿರ್ಧಾರ ಮಾಡಿಕೊಂಡೆ. ಸಮುದ್ರವಾದರೇನು, ಹೋಟೆಲಾದರೇನು, ನಮ್ಮ ಜೊತೆ ಬಂದವರ ಎಲೆ ಒಂದು ಗಳಿಗೆಯೂ ಖಾಲಿ ಇರಕೂಡದು.

ಆ ನಿರ್ಧಾರದಿಂದಲೇ ಮೊಮ್ಮಗಳ ಸಂಬಂಧವನ್ನು ನಾನು ಸಮುದ್ರಕ್ಕೆ ಎಸೆದು ಬರುವುದರಲ್ಲಿದ್ದೆ. ನಗಬೇಡಿ ಎನ್ನುವುದಿಲ್ಲ. ನಗಿ, ಆದರೆ ಪೂರ್ತಿ ಕೇಳಿ ನಗಿ.

ನನ್ನ ಮೊಮ್ಮಗಳು ಸಂಘಮಿತ್ರಾ ಮಧುಗಿರಿಯಲ್ಲಿ ಮೇಷ್ಟ್ರು ಕೆಲಸದಲ್ಲಿದ್ದಾಳೆ. ಅದೇ ಸ್ಕೂಲಿನಲ್ಲಿ ಅಶ್ವತ್ಥ ಎಂಬ ಹುಡುಗ. ವೈ.ಎನ್.ಹೊಸಕೋಟೆ ಕಡೆಯವನು. ಅವರಿಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡು, ಒಪ್ಪಿಗೆ ಕೊಡುವ ಕೆಲಸವೊಂದನ್ನು ಮಾತ್ರ ನಮಗೆ ಬಿಟ್ಟಿದ್ದರು. ಅಷ್ಟು ಸಣ್ಣ ಕೆಲಸವೂ ಆಗಲಿಲ್ಲ. ಹುಡುಗನ ತಾಯಿ ಓಬಳಮ್ಮ ನಮ್ಮ ಮನೆಗೆ ಬಂದರು, ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಬೇಸಿಗೆ ರಜದಲ್ಲಿ ಎರಡೂ ಮನೆಯವರು ಸೇರಿ ಒಂದು ಟೂರ್ ಹೋಗಿಬರೋಣ ಎಂದರು. ಮನೆಗೆ ಬಂದಾಗ ಎಲ್ಲರೂ ಒಳ್ಳೆಯವರೇ, ಒಂದೇ ಗಾಡಿಯಲ್ಲಿ ಕೂತಾಗಲೇ ಜನ ಎಂಥವರೆಂದು ತಿಳಿಯುವುದು ಎಂಬುದು ಅವರ ಲೆಕ್ಕ.

ಅಂದರೆ ಪರೀಕ್ಷೆ. ಬರೆಯಬೇಕಾದವಳು ನಾನು. ಸೊಸೆ ಧನಲಕ್ಷ್ಮಿಗೆ ಪೇಪರ್ ತಿದ್ದುವ ಡ್ಯೂಟಿ ಬಿದ್ದು ಅವಳು ಹೊರಡುವಂತಿರಲಿಲ್ಲ. ಊಟದಲ್ಲಿ ಅವರಿಗೆ ಏನೂ ಕಮ್ಮಿಯಾಗದ ಹಾಗೆ ನೋಡಿಕೊಳ್ಳಿ ಅತ್ತೆ, ಅಷ್ಟು ಸಾಕು ಎಂದು ಹೇಳಿ ಕಳಿಸಿದಳು. ಹೆಣ್ಣಿನ ಕಡೆಯ ಹಿರಿಯ ಹೆಂಗಸು ಎಂದು ಗಾಡಿಯಲ್ಲಿ ಉಳಿದವಳು ನಾನೊಬ್ಬಳೇ.

ಘಾಟಿ ಇಳಿಯುವವರೆಗೂ ಓಬಳಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ತಲೆ ಸುತ್ತೋ, ನಮ್ಮ ಮೇಲೆ ಬೇಜಾರೋ ತಿಳಿಯಲಿಲ್ಲ. ನಡುನಡುವೆ ಗಂಡ ಸಂಜೀವಯ್ಯನವರ ಕಿವಿಯಲ್ಲಿ ತೆಲುಗಿನಲ್ಲಿ ಏನೋ ಹೇಳುವರು. ಅವರು ಒಮ್ಮೆ ನನ್ನ ಕಡೆ ನೋಡಿ ತಲೆಯಾಡಿಸಿ ಮತ್ತೆ ನಿದ್ದೆ ಹೋಗುವರು. ನನ್ನ ಎದೆ ಗಾಡಿಗಿಂತ ಜೋರಾಗಿ ಓಡುತ್ತಿತ್ತು. ಸಮುದ್ರದ ಮುಂದೆ ನಿಂತಾಗ ಓಬಳಮ್ಮ ಬಹಳ ಹೊತ್ತು ನೋಡಿ, "ನೀರು ಬಾಳ ಐತೆ" ಎಂದರು. ಆ ಮಾತಿನಲ್ಲಿ ಒಪ್ಪಿಗೆ ಇದೆಯೋ ಇಲ್ಲವೋ ಎಂದು ನಾನು ಹೋಟೆಲು ಮುಟ್ಟುವವರೆಗೂ ಹುಡುಕಿದೆ.

ಹೋಟೆಲು ಮರಳಿನ ಮೇಲೇ ಇತ್ತು. ಮೇಲೆ ತೆಂಗಿನ ಗರಿಯ ಚಪ್ಪರ. ಸಮುದ್ರ ಕಾಣಲೆಂದು ಮೇಜುಗಳನ್ನೆಲ್ಲ ಉದ್ದಕ್ಕೆ ಒಂದೇ ಸಾಲಿಗೆ ಸೇರಿಸಿ ಹಾಕಿದ್ದರು. ಎಲ್ಲರ ಮುಂದೆಯೂ ಬಾಳೆ ಎಲೆ. ಈಗ ನೀವೇ ಹೇಳಿ, ಚಪ್ಪರ, ಸಾಲು, ಬಾಳೆ ಎಲೆ, ತಟ್ಟೆ ಹಿಡಿದು ಓಡಾಡುವ ಬಡಿಸುವವರು. ಇದನ್ನು ಪಂಕ್ತಿ ಎನ್ನದೆ ಏನೆನ್ನಬೇಕು?

ಮಗ ಗಂಗಾಧರ ಎಲ್ಲರಿಗೂ ಊಟವನ್ನೂ ಒಂದೊಂದು ಅಂಜಲ್ ಮೀನಿನ ಫ್ರೈಯನ್ನೂ ಹೇಳಿದ. ಅಷ್ಟರಲ್ಲಿ ಧನಲಕ್ಷ್ಮಿಯ ಫೋನು ಬಂತು. ಚಪ್ಪರದ ಕೆಳಗೆ ಸರಿಯಾಗಿ ಕೇಳಿಸದೆಂದು, ನೀವು ಶುರು ಮಾಡಿ ಎಂದು ಹೇಳಿ ದೂರ ಹೋದ. ಹುಡುಗ ಹುಡುಗಿ ಅಲೆ ನೋಡಿಬರುತ್ತೇವೆಂದು ಹೋದರು. ಓದಿದವರೆಲ್ಲ ಎದ್ದುಹೋದರು. ಸಾಲಿನಲ್ಲಿ ನಮ್ಮವರೆಂದು ಓಬಳಮ್ಮ, ಸಂಜೀವಯ್ಯ ಮಾತ್ರ ಉಳಿದರು. ನಾನು ಕೂರಲಿಲ್ಲ. ಗಂಡಿನ ಕಡೆಯವರು ಉಣ್ಣುವಾಗ ಹೆಣ್ಣಿನ ಕಡೆಯ ಹಿರಿಯಳು ಕೂರುವುದು ನಮ್ಮಲ್ಲಿಲ್ಲ.

ಓಬಳಮ್ಮ ಮೊದಲನೆಯ ತುಂಡನ್ನು ಬಹಳ ಬೇಗ ಮುಗಿಸಿದರು. ಎಲೆಯಲ್ಲಿ ಮಸಾಲೆ ಮೆತ್ತಿದ ಮುಳ್ಳೊಂದು ಬಿಟ್ಟರೆ ಏನೂ ಇಲ್ಲ. ಅದೇ ಹೊತ್ತಿಗೆ ಬಡಿಸುವವರೊಬ್ಬರು ತಟ್ಟೆ ತುಂಬ ಬಂಗುಡೆ ಮೀನು ಹಿಡಿದು ನಮ್ಮನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರು. ದಪ್ಪ ಮೀಸೆಯ, ನಿಧಾನದ ಮನುಷ್ಯ. ನಾನು ಅಡ್ಡ ನಿಂತೆ.

"ಇಲ್ಲಿ ಬಾಪ್ಪ. ಮೊದ್ಲು ನಮ್ ನೆಂಟರಿಗೆ ಹಾಕು, ಆಮ್ಯಾಕೆ ಮುಂದಕ್ಕೋಗು."

ಬೀಗರು ಎಂದು ಬಾಯಿ ತುದಿಗೆ ಬಂದಿತ್ತು. ಒಪ್ಪಿಗೆಯಾಗದೆ ಹಾಗೆನ್ನುವಂತಿಲ್ಲವೆಂದು ನುಂಗಿಕೊಂಡೆ.

"ಇದು ಆಚೆ ಮೇಜಿಂದು ಮಾರಾಯ್ರೆ" ಎಂದರು ಮೀಸೆಯವರು.

"ಅವ್ರಿಗೂ ಹಾಕೀಯಂತೆ. ನಾನೇನು ಬ್ಯಾಡ ಅಂದ್ನಾ?"

ಅವರು ಇನ್ನೂ ಯೋಚಿಸುತ್ತಿರುವಾಗಲೇ ತಟ್ಟೆಯಲ್ಲಿದ್ದ ಇಕ್ಕಳ ನನ್ನ ಕೈಗೆ ಬಂದಿತ್ತು. ಓಬಳಮ್ಮನ ಎಲೆಗೆ ಎರಡು, ಸಂಜೀವಯ್ಯನವರ ಎಲೆಗೆ ಎರಡು.

ಆಮೇಲೆ ಮೀಸೆಯವರು ನಮ್ಮ ಬದಿಗೆ ಬರುವುದನ್ನೇ ಬಿಟ್ಟು ಸಾಲಿನ ಆ ತುದಿಯಿಂದ ಸುತ್ತಿ ಹೋಗತೊಡಗಿದರು. ಇಂಥವರನ್ನು ನಾನು ಎಷ್ಟು ಮದುವೆಯಲ್ಲಿ ನೋಡಿಲ್ಲ! ಗುರುತಿನವರಿಗೆ ಎರಡು ಸಲ ಬಡಿಸಿ ಉಳಿದ ಸಾಲನ್ನು ಮರೆಯುವ ಕಳ್ಳರು. ಇದಕ್ಕೆ ಮದ್ದೂ ಗೊತ್ತಿತ್ತು. ನೇರ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಆ ಬಾಗಿಲಿನಿಂದ ಹೊರಗೆ ಬಂದ ತಟ್ಟೆ ಯಾವುದೂ ನನಗೆ ಕಪ್ಪ ಒಪ್ಪಿಸದೆ ಮುಂದೆ ಹೋಗಲಿಲ್ಲ. ರವೆ ಹಚ್ಚಿದ್ದು ಬಂತು, ತೆಗೆದೆ. ತವಾದಲ್ಲಿ ಕೆಂಪಗೆ ಬೆಂದದ್ದು ಬಂತು, ತೆಗೆದೆ. ಸಿಗಡಿ ಬಂತು. ಹುಳದಂತಿದೆಯಲ್ಲ ಎಂದು ಅನುಮಾನಿಸಿದೆ. ಊರವರೆಲ್ಲ ತಿನ್ನುವುದನ್ನು ನೆಂಟರಿಗೆ ತಪ್ಪಿಸಬಾರದೆಂದು ಅದನ್ನೂ ತೆಗೆದೆ. ಮುಂದಿನ ಸುತ್ತಿಗೆ ಇರಲಿ ಎಂದು ಒಂದು ಖಾಲಿ ತಟ್ಟೆಯಲ್ಲಿ ಒಂದಷ್ಟು ಕೂಡಿಯೂ ಇಟ್ಟೆ. ಒಳಗಿನವರು, ಯಾರೋ ಯಜಮಾನರ ಕಡೆಯ ಅಜ್ಜಿ ಇರಬೇಕೆಂದು ಸುಮ್ಮನಿದ್ದರಂತೆ. ಇದು ಆಮೇಲೆ ತಿಳಿಯಿತು.

ಇತ್ತ ಓಬಳಮ್ಮನ ಮುಖ ಬರಬರುತ್ತ ಕೆಂಪಾಯಿತು. ಹಣೆಯಲ್ಲಿ ಬೆವರು. "ಸಾಕು" ಎಂದರು. ನಮ್ಮ ಕಡೆ ಬಾಯಲ್ಲಿ ಹೇಳುವ ಸಾಕು ಸಾಕಲ್ಲ, ಅದು ಮರ್ಯಾದೆಯ ಮಾತು. ಅದಕ್ಕೆ ಇನ್ನೊಂದು ತುಂಡು ಹಾಕಬೇಕು. ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದರೆ ಮಾತ್ರ ನಿಜವಾಗಿ ಸಾಕು. ನಾನು ಅವರ ಕೈಗಳನ್ನೇ ನೋಡುತ್ತಿದ್ದೆ. ಕೈ ಅಡ್ಡ ಬರಲಿಲ್ಲ. ಹಾಕಿದೆ. ಮತ್ತೆ ಸಾಕು ಎಂದರು. ಕೈ ಬರಲಿಲ್ಲ. ಹಾಕಿದೆ. ಸಂಜೀವಯ್ಯನವರು ಮಾತ್ರ ತಲೆ ಎತ್ತದೆ ಧ್ಯಾನದಲ್ಲಿರುವವರಂತೆ ತಿನ್ನುತ್ತಿದ್ದರು. ಓಬಳಮ್ಮನ ಕಣ್ಣಲ್ಲಿ ನೀರು ಬಂದಾಗ ನನಗೆ ದಿಗಿಲಾಯಿತು. ಎಲ್ಲೋ ತಪ್ಪಿದ್ದೇನೆ, ಉಪಚಾರ ಸಾಲುತ್ತಿಲ್ಲ, ಸಂಬಂಧ ಕೈತಪ್ಪುತ್ತಿದೆ. ಭಯಕ್ಕೆ ಇನ್ನೆರಡು ತುಂಡು ಹಾಕಿದೆ.

ಆಗ ಸಾಲಿನ ಆ ತುದಿಯಿಂದ ಗಲಾಟೆ ಎದ್ದಿತು. ಕನ್ನಡಕ ಹಾಕಿದವರೊಬ್ಬರು ಎದ್ದು ನಿಂತು, ಹಸಿದುಕೊಂಡು ಎಷ್ಟು ಹೊತ್ತು ಕೂರಬೇಕು, ನಮ್ಮ ಬಂಗುಡೆ ಎಲ್ಲಿ ಎಂದು ಕೇಳುತ್ತಿದ್ದರು. ಅವರ ಪಕ್ಕದವರು ಸಿಗಡಿ ಕೇಳುತ್ತಿದ್ದರು. ಮೀಸೆಯವರು ಬೆರಳು ತೋರಿಸಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈಯಲ್ಲಿ ಇಕ್ಕಳವಿತ್ತು.

ಗಲ್ಲಾದಲ್ಲಿದ್ದ ಯಜಮಾನತಿ ಎದ್ದು ಬಂದು, ಎಂತ ಅಜ್ಜಿ ಇದು ಎಂದು ಸಮಾಧಾನವಾಗಿಯೇ ಕೇಳಿದರು. ಅಷ್ಟರಲ್ಲಿ ಗಂಗಾಧರ ಓಡಿ ಬಂದ. ನೆಂಟರ ಎಲೆ ನೋಡಿದ, ಕೂಡಿಟ್ಟ ತಟ್ಟೆ ನೋಡಿದ, ನನ್ನನ್ನು ನೋಡಿದ.

"ಅವ್ವ, ಇಲ್ಲಿ ಅವರವರು ಹೇಳಿದ್ದು ಅವರವರಿಗೆ ಕಣವ್ವ. ನೀನು ಊರೋರ್ದೆಲ್ಲ ಬಡ್ಸಿದ್ದೀಯ."

ಭೂಮಿ ಬಾಯಿ ಬಿಡಬಾರದೇ ಎಂದುಕೊಂಡೆ. ಮರಳು, ಅದೂ ಬಿಡಲಿಲ್ಲ. ಗಂಗಾಧರ ಕೈಮುಗಿದು, ಮುಟ್ಟಿದ್ದೆಲ್ಲ ನಮ್ಮದೇ, ಅವರಿಗೆಲ್ಲ ಹೊಸದಾಗಿ ಮಾಡಿಕೊಡಿ ಎಂದು ಯಜಮಾನತಿಯನ್ನು ಒಪ್ಪಿಸಿದ. ಕನ್ನಡಕದವರು ಗೊಣಗುತ್ತ ಕೂತರು. ಊರಿನ ಜಗಳ ಅಲ್ಲಿಗೆ ಮುಗಿಯಿತು. ನನ್ನದು ಮುಗಿದಿರಲಿಲ್ಲ. ಸಂಘಮಿತ್ರಾ, ಅಶ್ವತ್ಥ ಮೊಣಕಾಲವರೆಗೆ ನೆನೆದು ಬಂದು ನಿಂತಿದ್ದರು. ಅವಳ ಮುಖದಲ್ಲಿದ್ದ ನಗು ನನ್ನನ್ನು ನೋಡಿ ಆರಿಹೋಯಿತು. ಓಬಳಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರು.

ನಾನು ಅವರ ಮುಂದೆ ಹೋಗಿ ನಿಂತೆ. "ನನ್ ಬುದ್ಧಿ ನೋಡಿ ಸಂಬಂಧ ಬುಡಬ್ಯಾಡಿ ಕಣಮ್ಮ. ಮಗು ನನ್ನಂಗಲ್ಲ. ಅದು ಓದಿರದು."

"ಪೆದ್ದಮ್ಮ, ಮೊದ್ಲು ಆ ಇಕ್ಕಳ ಕೆಳಗಿಡಿ" ಎಂದರು ಓಬಳಮ್ಮ. ಪೆದ್ದಮ್ಮ ಎಂದರೆ ಅವರ ತೆಲುಗಿನಲ್ಲಿ ದೊಡ್ಡಮ್ಮ.

ಇಟ್ಟೆ.

"ನಂಗೆ ಎರಡನೇ ಮೀನಿಗೇ ಹೊಟ್ಟೆ ತುಂಬಿತ್ತು."

"ಅಂಗಾದ್ರೆ ಎಲೆಗೆ ಕೈ ಅಡ್ಡ ಇಡಬಾರ್ದಾಗಿತ್ತೇ ನನ್ನವ್ವ?"

ಓಬಳಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. "ಎಂಗಿಡ್ಲಿ? ಮಾತುಕತೆ ನಡೀವಾಗ ಎಲೆಗೆ ಕೈ ಅಡ್ಡ ಇಟ್ರೆ ನಮ್ ಕಡೆ ಈ ಸಂಬಂಧ ಬ್ಯಾಡ ಅಂದಂಗೆ. ನಾನು ಕೈ ಇಟ್ಟು, ನೀವು ಹುಡುಗಿ ಕೊಡಲ್ಲ ಅಂದ್ಬುಟ್ರೆ, ಆಮ್ಯಾಕೆ ನನ್ ಮಗ ನನ್ ಮಕ ನೋಡ್ತಾನಾ?"

ಅವರು ತಿಂದದ್ದು ಭಯಕ್ಕೆ. ನಾನು ಬಡಿಸಿದ್ದೂ ಭಯಕ್ಕೆ. ಊರಿನ ಮೀನೆಲ್ಲ ನಮ್ಮಿಬ್ಬರ ಭಯದ ನಡುವೆ ಖರ್ಚಾಗಿತ್ತು. ಮಾತು ಮುಂದುವರಿದಂತೆ ಇನ್ನೂ ಒಂದು ತಿಳಿಯಿತು. ಅವರು ಉಪ್ಪಿಟ್ಟು ತಿಂದ ದಿನ ನಾನು ಚಿಂತೆಯಿಂದ ಮುಖ ಗಂಟು ಹಾಕಿಕೊಂಡು ಕೂತಿದ್ದೆನಂತೆ. ಅಜ್ಜಿಗೆ ನಾವು ಹಿಡಿಸಲಿಲ್ಲ ಎಂದುಕೊಂಡೇ ಅವರು ಹೂಂ ಅನ್ನಲಿಲ್ಲವಂತೆ. ಗಾಡಿಯಲ್ಲಿ ತೆಲುಗಿನಲ್ಲಿ ಕೇಳುತ್ತಿದ್ದುದೂ ಅದನ್ನೇ, ಅಜ್ಜಿಯ ಮುಖ ಸಡಿಲಾಯಿತೇ ನೋಡಿ ಎಂದು.

"ನಾವು ಒಪ್ಪಿದೀವಿ" ಎಂದರು ಓಬಳಮ್ಮ ಎಲ್ಲರ ಎದುರಿಗೆ. "ಆದ್ರೆ ಒಂದು ಮಾತು ನಡೆಸ್ಕೊಡ್ಬೇಕು."

ಗಂಗಾಧರ ಕುರ್ಚಿಯ ಬೆನ್ನು ಹಿಡಿದುಕೊಂಡ. ಚಿನ್ನವೋ, ಛತ್ರವೋ? ಅಶ್ವತ್ಥ ಕೂಡ ತಾಯಿಯನ್ನು ಗಾಬರಿಯಿಂದ ನೋಡಿದ.

"ಈಗ ನೀವು ಕುಂತ್ಕಳಿ, ಪೆದ್ದಮ್ಮ. ನಾನು ಬಡುಸ್ತೀನಿ."

ಅಬ್ಬ, ಇಷ್ಟೇನೇ! ಕೂತೆ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಓಬಳಮ್ಮ ಸೆರಗು ಸಿಕ್ಕಿಸಿ, ಕೂಡಿಟ್ಟ ತಟ್ಟೆಯನ್ನೂ ಇಕ್ಕಳವನ್ನೂ ಎತ್ತಿಕೊಂಡರು. ಬಂಗುಡೆ ಹಾಕಿದರು, ತಿಂದೆ. ಬಲು ರುಚಿ. ಅಂಜಲ್ ಹಾಕಿದರು, ತಿಂದೆ. ಸಿಗಡಿ ಹಾಕಿದರು, ಕಣ್ಣು ಮುಚ್ಚಿಕೊಂಡು ತಿಂದೆ. "ಸಾಕು" ಎಂದೆ. ಮತ್ತೊಂದು ಬಂಗುಡೆ ಬಂತು. ಸಾಕು ಕಣಮ್ಮ ಎಂದೆ. ಅದರ ಮೇಲೆ ಇನ್ನೊಂದು ಬಂತು. ತಟ್ಟೆಯನ್ನು ನೋಡಿದೆ. ಅರ್ಧವೂ ಖಾಲಿಯಾಗಿರಲಿಲ್ಲ. ನನ್ನ ಕೈಯ ಧಾರಾಳ ಎಂಥದೆಂದು ಆಗ ತಿಳಿಯಿತು.

ತಡೆಯಲಾರದೆ ಎರಡೂ ಕೈಯನ್ನು ಎಲೆಯ ಕಡೆಗೆ ತಂದೆ.

"ಅಜ್ಜಿ" ಎಂದಳು ಸಂಘಮಿತ್ರಾ, ಮೆಲ್ಲಗೆ.

ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಬೀಗಿತ್ತಿಯ ಇಕ್ಕಳ ನನ್ನ ತಲೆಯ ಮೇಲೆ ನಿಂತಿತ್ತು. ಕೈಗಳನ್ನು ಮೆತ್ತಗೆ ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ.

"ಹಾಕಮ್ಮ" ಎಂದೆ.