ತಂಗಿಯ ಬೀಗದ ಕೈಯನ್ನು ಊರಿಗೆಲ್ಲ ತೋರಿಸಿದ ಆಪ್ ಮಹಾಶಯರಿಗೆ

ಮಾನ್ಯರೇ,

ನನ್ನ ಅಂಗಿಯ ಎಡಜೇಬಿನಲ್ಲಿ ಬಾಡಿಗೆಯಿಲ್ಲದೆ ವಾಸವಾಗಿದ್ದು, ಕೇಳದಿದ್ದರೂ ನನ್ನ ಸಂಸಾರದ ಯೋಗಕ್ಷೇಮ ವಿಚಾರಿಸಿಕೊಳ್ಳುತ್ತಿರುವ ಫೋಟೊ ಆಪ್ ಮಹಾಶಯರಾದ ತಮಗೆ, ಇಪ್ಪತ್ತಾರು ವರ್ಷಗಳಿಂದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಬೀಗ ರಿಪೇರಿ ಮಾಡಿಕೊಂಡಿರುವ ಈ ಬಡಪಾಯಿಯ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ನಮ್ಮ ಕ್ಷೇಮಸಮಾಚಾರವಂತೂ ನಮಗಿಂತ ಮೊದಲು ತಮಗೇ ಗೊತ್ತಿರುತ್ತದೆ.

ಮೊದಲಿಗೆ ತಮ್ಮ ಜ್ಞಾಪಕಶಕ್ತಿಗೊಂದು ಶಹಬ್ಬಾಸ್. ನಾಲ್ಕು ವರ್ಷದ ಹಿಂದೆ ನನ್ನ ತಂಗಿಯ ಮದುವೆಯಲ್ಲಿ, ಎರಡೂ ಕಡೆಯವರು ಫೋಟೊ ನೋಡಲೆಂದು ತಮ್ಮಲ್ಲಿ ಒಂದು ಕುಟುಂಬದ ಆಲ್ಬಂ ತೆರೆದೆ. ‘ಮುಂದಿನ ಫೋಟೊಗಳನ್ನೂ ನಾನಾಗಿಯೇ ಹಂಚಲೇ?’ ಎಂದು ತಾವು ವಿನಯದಿಂದ ಕೇಳಿದಿರಿ. ಊಟಕ್ಕೆ ಕೂರುವ ಗಡಿಬಿಡಿಯಲ್ಲಿ ಓದದೆ ಒಪ್ಪಿಗೆ ಒತ್ತಿದೆ. ಆಮೇಲೆ ಅದನ್ನು ನಾನು ಮರೆತೆ, ತಂಗಿ ಮರೆತಳು, ಮದುವೆಯೇ ಮುರಿದುಬಿತ್ತು. ತಾವು ಮಾತ್ರ ಮರೆಯಲಿಲ್ಲ.

ಮುರಿದದ್ದು ಯಾಕೆಂದರೆ ಗಂಡ ಕೈಮಾಡುತ್ತಿದ್ದ. ಕಳೆದ ತಿಂಗಳು ಉಟ್ಟ ಬಟ್ಟೆಯಲ್ಲೇ ಬಂದವಳಿಗೆ ಔಷಧಿ ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ಹಿಡಿದುಕೊಟ್ಟೆ; ವಿಳಾಸವನ್ನು ನನ್ನ ಹೆಂಡತಿಗೆ ಕೂಡ ಹೇಳಲಿಲ್ಲ. “ಬೀಗ ನೀನೇ ಹಾಕ್ಕೊಡಣ್ಣ, ಬೇರೆಯವ್ರ ಕೈಲಿ ಬೇಡ” ಎಂದಳು. ಇದ್ದುದರಲ್ಲಿ ಗಟ್ಟಿ ಬೀಗ ಹಾಕಿದೆ, ಒಳಗೊಂದು ಚಿಲಕವನ್ನೂ ಕೂರಿಸಿದೆ. ಆಮೇಲೆ ಕಸುಬಿನ ಅಭ್ಯಾಸದಂತೆ ಬೀಗದ ಕೈಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಪಕ್ಕಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಫೋಟೊ ತೆಗೆದುಕೊಂಡೆ. ಕಳೆದುಹೋದರೆ ಹಲ್ಲಿನ ಅಳತೆ ನೋಡಿ ಇನ್ನೊಂದು ಕೊರೆದುಕೊಡಲು ನನಗೆ ಅಷ್ಟು ಸಾಕು. ಯಾವ ಬೀಗದವನಿಗಾದರೂ ಸಾಕು.

ತಮ್ಮ ಚುರುಕುತನವನ್ನು ಏನೆಂದು ಹೊಗಳಲಿ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ತಾವು ಆ ಫೋಟೊವನ್ನು, ಅದೇ ದಿನ ನಾನು ತೆಗೆದಿದ್ದ, ಬಾಗಿಲ ಮುಂದೆ ನಿಂತ ತಂಗಿಯ ಫೋಟೊದ ಜೊತೆ ಸೇರಿಸಿ, ಹಿನ್ನೆಲೆಗೆ ಪಿಟೀಲು ಬಾರಿಸಿ, ‘ಹೊಸ ಮನೆ, ಹೊಸ ಹರುಷ’ ಎಂಬ ತಲೆಬರಹ ಕೊಟ್ಟು, ಕೆಳಗೆ ರಸ್ತೆಯ ಹೆಸರನ್ನೂ ನಕ್ಷೆಯನ್ನೂ ಅಂಟಿಸಿ, ಆಲ್ಬಮ್ಮಿನಲ್ಲಿದ್ದ ನಲವತ್ತೊಂದು ಮಂದಿಗೂ ತಲುಪಿಸಿದಿರಿ. ಅವರಲ್ಲಿ ಅವಳ ಗಂಡನೂ ಒಬ್ಬ. ವಿಳಾಸವೊಂದೇ ಸಾಲದೆಂದು ಬೀಗದ ಕೈಯ ಅಳತೆಯನ್ನೂ ಕಳಿಸಿಕೊಡುವಷ್ಟು ದೊಡ್ಡ ಮನಸ್ಸು ನಮ್ಮ ನೆಂಟರಲ್ಲಿ ಯಾರಿಗೂ ಇಲ್ಲ.

ಮೂರನೇ ದಿನ ಅವನು ಬೀಗದ ಕೈ ಕೊರೆಸಿಕೊಂಡೇ ಬಂದ. ಬೀಗ ಸಲೀಸಾಗಿ ತೆರೆಯಿತು. ಒಳಗಿನ ಚಿಲಕವೊಂದೇ ತಡೆಯಿತು. ಅವಳ ಕೂಗು ಕೇಳಿ ಔಷಧಿ ಅಂಗಡಿಯವರು ಓಡಿಬಂದರು. ನೆನೆದರೆ ನನಗೆ ಮೈಯೆಲ್ಲ ಉರಿಯುತ್ತದೆ ಮಹಾಶಯರೇ, ಅರ್ಧ ತಮ್ಮ ಮೇಲೆ, ಅರ್ಧ ಓದದೆ ಒತ್ತಿದ ನನ್ನ ಈ ಹೆಬ್ಬೆರಳಿನ ಮೇಲೆ.

ಆದ್ದರಿಂದ ಸಣ್ಣಪುಟ್ಟ ವಿನಂತಿಗಳು. ಮುಂದಿನ ಸಲ ಯಾರದಾದರೂ ಮನೆಯ ಗುಟ್ಟು ಹಂಚುವ ಮೊದಲು ತಾವು ಖುದ್ದಾಗಿ ಒಂದು ವಾರ ಆ ಚಿಲಕದ ಹಿಂದೆ ಇದ್ದು ನೋಡಬೇಕು. ತಮ್ಮ ಕಂಪನಿಯ ದೊಡ್ಡವರು ತಂತಮ್ಮ ಮನೆಯ ಬೀಗದ ಕೈಗಳನ್ನು ಸ್ಕೇಲಿನ ಪಕ್ಕದಲ್ಲಿಟ್ಟು ನನಗೊಂದು ಫೋಟೊ ಕಳಿಸಬೇಕು. ಪಿಟೀಲಿನ ವ್ಯವಸ್ಥೆ ನಾನು ಮಾಡಿಕೊಳ್ಳುತ್ತೇನೆ. ತಮ್ಮ ಷರತ್ತುಗಳನ್ನು ಓದಿ ಹೇಳಲು ಒಬ್ಬರನ್ನು, ಒಳ್ಳೆಯ ಕನ್ನಡಕ ಸಮೇತ, ನನ್ನ ಅಂಗಡಿಗೆ ಕಳಿಸಿಕೊಟ್ಟರೂ ಆದೀತು.

ಅಂದಹಾಗೆ, ಆಲ್ಬಂ ಅಳಿಸಿದ್ದೇನೆ, ಹಂಚುವುದನ್ನೂ ಜಾಗ ತಿಳಿಸುವುದನ್ನೂ ನಿಲ್ಲಿಸಿದ್ದೇನೆ. ಒಪ್ಪಿಗೆಯ ಗುಂಡಿ ಚಿಟಿಕೆ ಹೊಡೆಯುವಷ್ಟರಲ್ಲಿ ಸಿಕ್ಕಿತ್ತು. ನಿಲ್ಲಿಸುವ ಗುಂಡಿ ಹುಡುಕಲು, ಎಂಥೆಂಥ ಬೀಗ ತೆರೆದ ನನಗೆ, ಒಂದಿಡೀ ಮಧ್ಯಾಹ್ನ ಬೇಕಾಯಿತು. ತಮ್ಮನ್ನೇ ತೆಗೆದುಹಾಕೋಣವೆಂದರೆ ಫೋನು ಕೊಳ್ಳುವ ಮೊದಲೇ ತಾವು ಒಳಗೆ ಬೇರುಬಿಟ್ಟಿದ್ದೀರಿ.

ತಂಗಿ ಮತ್ತೆ ಮನೆ ಬದಲಿಸಿದ್ದಾಳೆ. ಎಲ್ಲಿಗೆಂದು ನನಗೂ ಹೇಳಲಿಲ್ಲ. “ಬೇಜಾರ್ ಮಾಡ್ಕೋಬೇಡಣ್ಣ. ನೀನು ಯಾರ್ಗೂ ಹೇಳಲ್ಲ ಅಂತ ಗೊತ್ತು. ನಿನ್ ಫೋನ್ ಹೇಳುತ್ತೆ” ಎಂದಳು. ಅಲ್ಲಿ ಬೀಗ ಹಾಕಿದವರು ಬೇರೆ ಯಾರೋ.

ಒಮ್ಮೆ ಓದದೆ ಒಪ್ಪಿದ ತಪ್ಪಿಗೆ ಇಂದಿಗೂ ತಮ್ಮ ವಿಶ್ವಾಸಿ,
ಬೀಗದಂಗಡಿಯವನು

ತಾ.ಕ.: ಇಂದು ಬೆಳಿಗ್ಗೆ ತಮ್ಮ ಸಂದೇಶ ಬಂತು: ‘ತಂಗಿಯ ಹೊಸ ಫೋಟೊ ಬಹಳ ದಿನಗಳಿಂದ ಕಾಣುತ್ತಿಲ್ಲ. ಹುಡುಕಿಕೊಡಲೇ?’ ಈ ಸಲ ಒಂದಕ್ಷರ ಬಿಡದೆ ಓದಿದೆ. ನನಗೂ ಅವಳನ್ನು ನೋಡಬೇಕೆನಿಸುತ್ತದೆ. ಆದರೂ ‘ಬೇಡ’ ಎಂದು ಒತ್ತಲು ಹೋದರೆ, ತಾವು ಇಟ್ಟಿರುವುದು ಎರಡೇ ಗುಂಡಿ: ‘ಆಗಲಿ’ ಮತ್ತು ‘ನಾಳೆ ನೆನಪಿಸಿ’. ಅದಕ್ಕೇ ಈ ಪತ್ರ ಬರೆಯಬೇಕಾಯಿತು. ಬೇಡ.