ಹೆಂಡತಿಯ ಗುರುತು ಸಿಗದ ವೈಫೈ

ನಮ್ಮ ಮನೆಯ ಗುಟ್ಟು ಇನ್ನು ಮುಂದೆ ಒಂದು ಸೊಳ್ಳೆಯ ಕಿವಿಗೂ ಬೀಳಬಾರದು ಎಂದು ಭಾನುವಾರ ಬೆಳಿಗ್ಗೆ ನಾನು ಘೋಷಿಸಿದೆ. ಹಿಂದಿನ ದಿನ ಹೆಂಡತಿಯ ಹತ್ತಿರ ಸೊಂಟ ನೋವು ಅಂದಿದ್ದೆ, ಅಷ್ಟೆ. ಸಂಜೆಯ ಹೊತ್ತಿಗೆ ಫೋನಿನ ತುಂಬ ಸೊಂಟಪಟ್ಟಿಯ ಜಾಹೀರಾತುಗಳು! ಕಳ್ಳನನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುವ ಕಾಲ ಬಂದಮೇಲೆ ಯಜಮಾನನಾದವನು ಸುಮ್ಮನಿರುವುದು ಹೇಗೆ?

"ನಮ್ಮನೆ ಗುಟ್ಟು ಅಂದ್ರೆ ಯಾವುದು? ನಿಮ್ಮ ಸೊಂಟಾನಾ?" ಎಂದಳು ಹೆಂಡತಿ, ತನ್ನ ನರ್ಸ್ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತ.

"ನಿನಗೆ ತಮಾಷೆ. ನಾಳೆ ನಿನ್ನ ರಕ್ತದ ಗುಂಪು ಲೋಕಕ್ಕೆಲ್ಲ ಗೊತ್ತಾದಾಗ ನನ್ನ ಹತ್ರ ಬರಬೇಡ."

"ಅದು ನನ್ನ ಕತ್ತಲ್ಲಿರೋ ಕಾರ್ಡಿನ ಮೇಲೇ ಇದೆ ಕಣ್ರೀ. ಏನಾದ್ರೂ ಮಾಡ್ಕೊಳ್ಳಿ. ಮಂಗಳವಾರ ವಿಡಿಯೋದಲ್ಲಿ ನನ್ನ ಸಂದರ್ಶನ ಇದೆ, ಅದಕ್ಕೆ ಮಾತ್ರ ಅಡ್ಡ ಬರಬೇಡಿ."

ಅದು ಹೆಡ್ ನರ್ಸ್ ಹುದ್ದೆಯ ಸಂದರ್ಶನ. ಹೋದ ಸಲ ಕೈತಪ್ಪಿದ್ದಕ್ಕೆ ಅವಳು ಎರಡು ದಿನ ಸರಿಯಾಗಿ ಮಾತೇ ಆಡಿರಲಿಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುತ್ತಾರಲ್ಲ, ನಾನು ಹಾಗೆ ಕೆಲಸಕ್ಕಿಳಿದೆ. ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿನ ಧೂಳು ಕೊಡವಿ, ವೈಫೈ ಡಬ್ಬಕ್ಕೆ ಜೋಡಿಸಿ, ಅದನ್ನು ನಮ್ಮ ಮನೆಯ ದ್ವಾರಪಾಲಕನಾಗಿ ನೇಮಿಸಿದೆ. ಅದರ ಮಾನಿಟರ್ ಎಂದೋ ಕೆಟ್ಟಿದ್ದರಿಂದ ಅಪ್ಪಣೆಯೆಲ್ಲ ನನ್ನ ಫೋನಿನಿಂದಲೇ. ಪ್ರತಿ ಫೋನಿಗೂ ಅದರದೇ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಾನು ಬರೆದುಕೊಟ್ಟ ಸಂಖ್ಯೆಯ ಫೋನಿಗೆ ಮಾತ್ರ ಒಳಗೆ ದಾರಿ. ಮಿಕ್ಕವರಿಗೆ ತೋರಿಸಲೆಂದು ಒಂದು ಸಂದೇಶವನ್ನೂ ನಾನೇ ರಚಿಸಿದೆ: "ನೀವು ಯಾರೋ ಗೊತ್ತಿಲ್ಲ. ದಯವಿಟ್ಟು ಹೊರಡಿ."

ಸೋಮವಾರ ಸಂಜೆ ಫೋನುಗಳ ಕಡೆ ತಿರುಗಿದೆ. ಕೆದಕುತ್ತ ಹೋದಂತೆ ಒಂದು ಅಮೋಘ ಸೌಲಭ್ಯ ಸಿಕ್ಕಿತು. ಅದನ್ನು ಒತ್ತಿದರೆ ಫೋನು ಆಗಾಗ ತನ್ನ ಗುರುತಿನ ಸಂಖ್ಯೆಯನ್ನೇ ಬದಲಿಸಿಕೊಳ್ಳುತ್ತದಂತೆ, ಬೆನ್ನು ಹತ್ತಿದವರಿಗೆ ಪತ್ತೆಯೇ ಸಿಗುವುದಿಲ್ಲವಂತೆ. ನನ್ನ ಫೋನಿಗೂ ಒತ್ತಿದೆ, ಅವಳ ಫೋನಿಗೂ ಒತ್ತಿದೆ. ನೆಮ್ಮದಿಯಾಗಿ ಮಲಗಿದೆ.

ಮಂಗಳವಾರ ಹೆಂಡತಿ ಕೂದಲು ಒಪ್ಪ ಮಾಡಿಕೊಂಡು, ಕಿಟಕಿಯ ಒಗೆದ ಪರದೆಯ ಮುಂದೆ ಕುಳಿತು ಫೋನು ತೆರೆದಳು.

"ರೀ, ನಿಮ್ಮ ಡಬ್ಬ ನನ್ನನ್ನ ಹೊರಡು ಅಂತಿದೆ."

"ದಯವಿಟ್ಟು ಅಂತಾನೂ ಹೇಳಿರಬೇಕಲ್ಲ?"

ಅವಳು ನೋಡಿದ ನೋಟಕ್ಕೆ ನನ್ನ ಹಾಸ್ಯಪ್ರಜ್ಞೆ ಅಲ್ಲೇ ಸತ್ತಿತು. ಡಬ್ಬಕ್ಕೆ ಬುದ್ಧಿ ಹೇಳೋಣವೆಂದು ನನ್ನ ಫೋನು ತೆಗೆದರೆ ನನಗೂ ಅದೇ ಉಪಚಾರ: ನೀವು ಯಾರೋ ಗೊತ್ತಿಲ್ಲ. ಆಗ ತಲೆಗೆ ಹೊಳೆಯಿತು. ಗುರುತಿದ್ದವರಿಗಷ್ಟೇ ಪ್ರವೇಶ ಎಂದು ಕಟ್ಟಪ್ಪಣೆ ಮಾಡಿದವನು ನಾನು. ಗುರುತು ಸಿಗದಂತೆ ಇಬ್ಬರಿಗೂ ಮುಸುಕು ಹೊದಿಸಿದವನೂ ನಾನೇ.

ಮುಸುಕು ತೆಗೆಯೋಣವೆಂದರೆ ಆ ಸೌಲಭ್ಯ ಎಲ್ಲಿತ್ತೆಂಬುದೇ ಗಾಬರಿಯಲ್ಲಿ ಮರೆತುಹೋಯಿತು. ನಮ್ಮ ಗೋಡೆಗಳ ನಡುವೆ ಮೊಬೈಲ್ ಸಿಗ್ನಲ್ ಮೊದಲೇ ಸಿಗುವುದಿಲ್ಲ. ಅವಳ ಮುಖ ಬಾಡಿದ್ದು ನೋಡಿ ನನಗೆ ನಿಜಕ್ಕೂ ಭಯವಾಯಿತು. ಈ ಸಲವೂ ತಪ್ಪಿದರೆ ಅದಕ್ಕೆ ಹೊಣೆ ನಾನೊಬ್ಬನೇ.

ಅವಳು ಫೋನು ಹಿಡಿದು ಮಹಡಿ ಮನೆಯ ಅಜ್ಜಿಯ ಬಳಿಗೆ ಓಡಿದಳು.

"ಬಾರಮ್ಮಾ. ಪಾಸ್‌ವರ್ಡು ಬಾಗಿಲ ಮೇಲೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದೀನಿ, ನಂಗೆ ನೆನಪಿರಲ್ಲ" ಎಂಬ ಅಜ್ಜಿಯ ದನಿ ಕೆಳಗಿನವರೆಗೂ ಕೇಳಿಸಿತು. ಭದ್ರತೆಯ ದೃಷ್ಟಿಯಿಂದ ಅದು ಮಹಾಪರಾಧ. ಆದರೂ ನಾನು ಮನಸ್ಸಿನಲ್ಲೇ ಅಜ್ಜಿಗೆ ಕೈಮುಗಿದೆ.

ಹೆಂಡತಿ ಕೆಳಗಿಳಿದು ಬಂದಾಗ ನಾನು ವೈರುಗಳ ನಡುವೆ ಸ್ಕ್ರೂಡ್ರೈವರ್ ಹಿಡಿದು ಕುಳಿತಿದ್ದೆ. ಬೈಗುಳಕ್ಕೆ ಬೆನ್ನು ಗಟ್ಟಿ ಮಾಡಿಕೊಂಡೆ. ಅವಳು ಬೈಯಲಿಲ್ಲ. ಸ್ಕ್ರೂಡ್ರೈವರನ್ನು ಮೆತ್ತಗೆ ಕೈಯಿಂದ ತೆಗೆದುಕೊಂಡು, "ಬನ್ನಿ, ಈ ಬಟ್ಟೆ ಒಣಗ್ಹಾಕೋಣ" ಎಂದಳು. ಬದುಕಿದೆಯಾ ಬಡಜೀವವೇ ಎಂದು ಬಕೆಟ್ ಎತ್ತಿಕೊಂಡು ಹಿಂದೆ ಹೋದೆ.

"ಸಂದರ್ಶನ ಹೇಗಾಯ್ತು?" ಎಂದೆ, ಒದ್ದೆ ಹೊದಿಕೆಯ ಒಂದು ತುದಿ ಹಿಡಿದು.

"ಚೆನ್ನಾಗಾಯ್ತು. ಕೆಲಸ ನಂಗೇ ಅಂತ ಅಲ್ಲೇ ಹೇಳಿದ್ರು. ಒಂದೇ ಪ್ರಶ್ನೆ ಕಷ್ಟದ್ದು. ಎಲ್ಲಾ ತಿಳಿದೋರ ಹಾಗೆ ಯಾರಾದ್ರೂ ವಾರ್ಡಿಗೆ ಬಂದು ಯಂತ್ರಗಳನ್ನ ಮುಟ್ಟಿ ಕೆಡಿಸ್ತಿದ್ರೆ ಹೇಗೆ ಸಂಭಾಳಿಸ್ತೀರಿ ಅಂದ್ರು."

"ನೀನೇನಂದೆ?"

"ಬೈಯಲ್ಲ. ಕೈಲಿರೋದನ್ನ ಮೆತ್ತಗೆ ತಗೊಂಡು, ಬೇರೆ ಏನಾದ್ರೂ ಕೆಲಸಕ್ಕೆ ಹಚ್ತೀನಿ ಅಂದೆ."

"ಭಲೇ! ಒಪ್ಪಿದ್ರಾ?"

"ಇದು ನಿಜವಾಗ್ಲೂ ನಡೆಯುತ್ತಾ ಅಂತ ಕೇಳಿದ್ರು" ಎಂದಳು ಅವಳು. "ಆ ತುದಿ ಇನ್ನೂ ಸ್ವಲ್ಪ ಬಿಗಿಯಾಗಿ ಎಳೀರಿ."